ಮೂರನೆಯ ಅಧ್ಯಾಯ

೧೯೩೮ರ ಬೇಸಿಗೆ. ಪುಣೆ ಸ್ಟೇಷನ್ನಿನಲ್ಲಿ ಮೂರನೇ ದರ್ಜೆಯ ಟಿಕೀಟಿನ ಸಾಲು ಕದಲುತ್ತಲೇ ಇರಲಿಲ್ಲ. ನನ್ನ ಮುಂದೆ ಗದಗಿಗೆ ಹೊರಟ ಹಿರಿಯರೊಬ್ಬರು, ಅವರನ್ನು ಕಳಿಸಲು ಬಂದ ಮಗ. ವಿಭೂತಿ ತಂದೆಯ ಹಣೆಯಲ್ಲಿ ಮಾತ್ರ ಇತ್ತು. ಸುತ್ತ ಎಲ್ಲ ಮರಾಠಿ. ತಮ್ಮ ಮಾತು ಯಾರಿಗೂ ತಿಳಿಯದೆಂದು ಇಬ್ಬರೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು.

“ಮೂರು ದಿನಾ ನೋಡಿದೆ, ಈರಸಂಗಾ. ಲಿಂಗಪೂಜಾ ಇಲ್ಲದ ಉಣ್ಣಾಕ ಕುಂದರ್ತಿ.”

“ಎಂ.ಎ. ಓದು ಭಾಳ ಅದ, ಅಪ್ಪಾ.”

“ಧರ್ಮದ್ದ ಓದು ಅಲ್ಲೇನೋ ಅದು?”

“ಹೌದು. ಅದಕ್ಕ ಹಿಂಗಾಗೇದ.”

“ಕೊರಳಾಗರ ಲಿಂಗ ಅದನೋ ಇಲ್ಲೋ?”

“ಅದ. ಒಮ್ಮೆ ಮಾತ್ರ ತಗದಿದ್ದೆ. ಪ್ರಬಂಧಕ್ಕ ಬೇಕಂತ ಪ್ರೊಫೆಸರು ಮೇಜಿನ ಮ್ಯಾಲ ಇಟ್ಟು ಚಿತ್ರಾ ಬರಕೊಂಡ್ರು, ತಕ್ಕಡಿಗೆ ಹಾಕಿದ್ರು.”

“ಲಿಂಗ ಮೈ ಬಿಟ್ರ ಜೀವಾ ಬಿಡಬೇಕು ಅಂತಿದ್ದ ನಿಮ್ಮಜ್ಜ.”

“ಅದನ್ನೂ ಬರದೀನಿ. ಮೂರನೇ ಅಧ್ಯಾಯದಾಗ ಅದ.”

ಸಾಲು ಒಂದು ಹೆಜ್ಜೆ ಸರಿಯಿತು.

“ಹೋಗ್ಲಿ. ತಿರುಗಿ ಕಟ್ಟಿಕೊಂಡಿಯಲ್ಲ. ಪೂಜಾ ಯಾಕ ಬಿಟ್ಟಿ?”

“ಬಿಟ್ಟಿಲ್ಲಪ್ಪಾ, ಆಗವಲ್ದು. ಅಂಗೈಯಾಗ ಇಟಗೊಂಡು ಕಣ್ಣು ಮುಚ್ಚಿದ್ರ ಅದರ ತೂಕಾ ಒಂದ ನೆನಪಾಗ್ತದ.”

“ಎಷ್ಟು ಬಂತು?”

“ಎರಡೂವರಿ ತೊಲಿ.”

ಹಿರಿಯರು ಅಂಗಿಯ ಮೇಲಿಂದಲೇ ತಮ್ಮ ಎದೆಯ ಮೇಲಿನ ಲಿಂಗವನ್ನು ಮುಟ್ಟಿ ನೋಡಿಕೊಂಡರು. ಟಿಕೀಟು ಕೈಗೆ ಬಂದರೂ ಕಿಟಕಿ ಬಿಟ್ಟು ಕದಲಲಿಲ್ಲ.

“ಕೇಳಬಾರದಾಗಿತ್ತು, ತಮ್ಮಾ. ನಾಳೆ ಮುಂಜಾನೆ ಪೂಜಾಕ್ಕ ಕುಂತರ ನನಗೂ ತೂಕಾನ ನೆನಪಾಗ್ತದ.”

ಮಗ ಅವರ ಗಂಟು ಎತ್ತಿಕೊಂಡ. ಇಬ್ಬರೂ ಪ್ಲಾಟ್‌ಫಾರ್ಮಿನ ಕಡೆ ನಡೆದರು.