ಮೊಣಕೈಗೆ ಕಟ್ಟಿದ ಟವೆಲ್

ವಾಶಿಯ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ ಕೋಣೆಯಿಂದ ಹೊರಬಂದ ಗಂಡ ಹೆಂಡತಿ, ಸರದಿಗಾಗಿ ಕಾಯುತ್ತಿದ್ದ ಜಯಲತಾಳ ಪಕ್ಕದ ಬೆಂಚಿನಲ್ಲೇ ಕೂತರು. ಮರಾಠಿ, ಹಿಂದಿಗಳ ಗದ್ದಲದ ನಡುವೆ ಕಲಬುರಗಿಯ ಕನ್ನಡ ಕಿವಿಗೆ ಬಿದ್ದಮೇಲೆ ಕೇಳದೆ ಕೂರುವಷ್ಟು ಸಜ್ಜನಿಕೆ ಉಡುಪಿಯ ಜಯಲತಾಳಿಗೆ ಇರಲಿಲ್ಲ.

"ಕಿರುಬೆರಳು, ಅದರ ಬಾಜೂದ್ದು ಇನ್ನಾ ಜೋಮು ಹಿಡಿತಾವೇನ, ಮರಗಮ್ಮ?"

"ಹೌದ್ರಿ. ಇಟ್ಟಂಗಿ ಎತ್ತಿದ್ರ ಕೈಯಾಗಿಂದ ಜಾರತದ."

"ಮೊಣಕೈನ್ಯಾಗ ನರ ಒತ್ತಲಾಕತ್ತದ, ಮಲಗುವಾಗ ಕೈ ಮಡಚಬ್ಯಾಡ ಅಂತ ಡಾಕ್ಟರ್ ಹೋದ ಸಲನೂ ಹೇಳಿದ್ರು. ನಾ ದಿನಾ ಟವೆಲ್ ಸುತ್ತಿ ಕಟ್ಟತೀನಿ. ಮುಂಜಾನಿ ನೋಡಿದ್ರ ಬಿಚ್ಚಿರತದ. ಯಾರು ಬಿಚ್ಚತಾರ?"

"ನಾನೇ."

"ಯಾಕ?"

"ಕೈ ನೆಟ್ಟಗಿದ್ರ ನಿದ್ದಿ ಹತ್ತಂಗಿಲ್ಲ. ಹುಟ್ಟಿದಾಗಿಂದ ಕಾಂಚನಾಗ ಈ ತೋಳೇ ತಲಿದಿಂಬು. ಕೂಸಿನ್ನ ಊರಾಗ ನಮ್ಮವ್ವನ ಹತ್ರ ಬಿಟ್ಟು ಬಂದೀವಿ ಅಂತ ನನಗ ಗೊತ್ತದ. ಕೈಗಿ ಗೊತ್ತಿಲ್ಲ."

ಗಂಡ ಅವಳ ಮಡಚಿದ ಕೈಯನ್ನು ಮೆಲ್ಲಗೆ ನೆಟ್ಟಗೆ ಮಾಡಿದ.

"ಹಿಂಗೇ ಬಿಟ್ರ ಆಪರೇಷನ್ ಅಂದಾರ. ಕೈ ಆರಾಮ ಆಗಲಿ, ಕರಕೊಂಡು ಬರೋಣು. ಬಂದಮ್ಯಾಲ ನನ್ನ ತೋಳಿನ ಮ್ಯಾಲ ಮಲಗಲಿ."

"ನಿಮ್ಮ ತೋಳಿನ ಮ್ಯಾಲ?" ಮರಗಮ್ಮ ನಕ್ಕಳು. "ದಿನಾ ಕಳಂಬೋಲಿ ಬಜಾರದಾಗ ಕಬ್ಬಿಣ ಹೊರತೀರಿ. ಮೈಯೆಲ್ಲ ಅದರದೇ ವಾಸನಿ. ಅಕಿ ಒಲ್ಲೆ ಅಂತಾಳ."

ಇಬ್ಬರೂ ಎದ್ದರು. ಗಂಡ ಅವಳ ಕೈಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ. ಅವಳು ಮುಂದಾಗಿ ಮೆಟ್ಟಿಲಿಳಿಯತೊಡಗಿದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ತನ್ನ ತೋಳನ್ನು ಮೂಗಿನ ಹತ್ತಿರ ತಂದು ಮೂಸಿದ.