ಕಡೆಯವನ ಕೂಗು

ಮಳೆ ಕೊನೆಗೂ ಬಂದಿತ್ತು. ಬೆಟ್ಟದ ನೆತ್ತಿಯಲ್ಲಿ ಸಿಡಿಲು ಹಚ್ಚಿಹೋದ ಬೆಂಕಿಯನ್ನು ವಾರವಿಡೀ ಕಾದು, ಕೆಳಗಿಳಿಯದಂತೆ ತಡೆದು ಹೈರಾಣಾದವರೆಲ್ಲ ತಗಡಿನ ಶೆಡ್ಡಿನಲ್ಲಿ ಗೋಡೆಗೊರಗಿ ಕೂತಿದ್ದರು. ಬೂಟಿನ ಲೇಸು ಬಿಚ್ಚುವಷ್ಟೂ ತ್ರಾಣ ಯಾರಲ್ಲೂ ಇರಲಿಲ್ಲ. ಜೀಪು ಓಡಿಸುವ ಹೆಂಗಸಿಗೆ ಮನೆ ಸೇರಿದರೆ ಸಾಕಾಗಿತ್ತು. ಸಾಲಿನಲ್ಲಿ ಯಾವಾಗಲೂ ಕಡೆಯವನಾಗಿ ನಡೆಯುವ ಮುದುಕ ಮಾತ್ರ ಇನ್ನೂ ಬಾಗಿಲಲ್ಲೇ ನಿಂತು ಬೆಟ್ಟದ ಕಡೆ ನೋಡುತ್ತಿದ್ದ.

“ಬನ್ನಿ ಅಜ್ಜ, ಕೂತ್ಕೊಳ್ಳಿ. ಎಲ್ರೂ ಬಂದಾಯ್ತಲ್ಲ,” ಎಂದಳು ಅವಳು.

“ಬಂದಾಯ್ತು ಅಂತ ಅಷ್ಟು ಸಲೀಸಾಗಿ ಹೇಳ್ಬೇಡಮ್ಮ,” ಎನ್ನುತ್ತ ಮುದುಕ ಅವಳ ಎದುರಿಗೆ ಬಂದು ಕೂತ. ಉಳಿದವರು ತಲೆಯೆತ್ತಿದರು.

“ಹಿಂದೆ ಇದೇ ಕೆಲಸದಲ್ಲಿ ಅಕ್ಕ ತಮ್ಮ ಇಬ್ಬರಿದ್ರು. ಅಕ್ಕ ಗುಂಪಿಗೆ ಮೇಸ್ತ್ರಿ, ಬಾಯಿ ಜೋರು, ಕರುಳು ಮೆತ್ತಗೆ. ತಮ್ಮನ್ನ ಎತ್ತಿ ಆಡಿಸಿ ಬೆಳೆಸಿದೋಳು ಅವಳೇ. ಅವತ್ತೂ ಹಿಂಗೇ ಸಿಡಿಲಿನ ಬೆಂಕಿ... ನೆತ್ತಿ ಮೇಲೆ ಬರೀ ಬಂಡೆ, ಉರಿದು ಸಾಯ್ಲಿ ಅಂತ ಬಿಟ್ಟು, ಕೆಳಗಿನ ಕಾಲುದಾರೀಲಿ ತರಗೆಲೆ ಬಾಚಿ ಕಾಯ್ತಿದ್ರು. ನಿದ್ದೆ ಅನ್ನೋದು ಮರ್ತೇ ಹೋಗಿತ್ತು, ನಿಂತಲ್ಲೇ ತೂಕಡಿಸಿ ಸಲಿಕೆ ಕೈಯಿಂದ ಜಾರೋದು. ಅಷ್ಟರಲ್ಲಿ ಗಾಳಿ ತಿರುಗ್ತು ನೋಡಿ... ಬೆಂಕಿ ಧಡಧಡ ಇಳಿಯೋಕೆ ಶುರು. ಕೆಳಗೆ ಮನೆಗಳು. ಇನ್ನೇನು ಮಾಡ್ತೀರಾ? ಎದುರು ಬೆಂಕಿ ಹಚ್ಚಬೇಕು. ಬರೋ ಬೆಂಕಿಗೆ ತಿನ್ನೋಕೆ ಏನೂ ಸಿಗದಂಗೆ ದಾರಿ ಮೇಲಿನ ಪೊದೆನೆಲ್ಲ ನಾವೇ ಸುಟ್ಟುಬಿಡೋದು. ಆದ್ರೆ ಬೆಂಕಿ ನೋಡ್ಕೊಳ್ಳೋಕೆ ಮೇಲೆ ಹತ್ತಿದ್ದೋರು ಮೊದಲು ಇಳೀಬೇಕಲ್ಲ? ಹೊಗೇಲಿ ಯಾರ ಮುಖ ಯಾರಿಗೆ ಕಾಣುತ್ತೆ? ಅದಕ್ಕೇ ಸಾಲಿನ ಕಡೆಯವನು ‘ಕಡೆಯವ ಬಂದೆ’ ಅಂತ ಕೂಗಿದ ಮೇಲೇ ನಮ್ಮಲ್ಲಿ ಕಡ್ಡಿ ಗೀರೋದು. ಅವತ್ತಿನ ಕಡೆಯವನು ಆ ತಮ್ಮ.

“ಒಬ್ಬೊಬ್ಬರೇ ಇಳಿದ್ರು. ಮೇಲಿಂದ ತಮ್ಮನ ದನಿ... ‘ಕಡೆಯವ ಬಂದೆ ಅಕ್ಕ.’ ಅಕ್ಕ ಕಡ್ಡಿ ತೆಗೆದು ಹಿಂದೆ ತಿರುಗಿ ನೋಡ್ತಾಳೆ, ತಮ್ಮ ಅಲ್ಲೇ ಬಂಡೆ ಮೇಲೆ ಕೂತು ನೀರು ಕುಡೀತಿದ್ದಾನೆ. ಸುಸ್ತಿಗೆ ಕೂಗೋದೂ ಮರ್ತು, ಹಳ್ಳದ ಕಡೆಯಿಂದ ಮೊದಲೇ ಇಳಿದುಬಿಟ್ಟಿದ್ದ. ಹಂಗಾದ್ರೆ ಕೂಗಿದ್ದು ಯಾರು? ತಲೆ ಎಣಿಸಿದ್ರು, ಎಲ್ರೂ ಇದ್ದಾರೆ. ಮತ್ತೆ ಹೊಗೆಯೊಳಗಿಂದ ಅದೇ ದನಿ... ‘ಬಂದೆ ಅಕ್ಕ, ಬಂದೆ.’

“ಅಕ್ಕ ತಮ್ಮನ ತೋಳು ಗಟ್ಟಿಯಾಗಿ ಹಿಡ್ಕೊಂಡ್ಲು. ‘ಯಾರೋ ದಾರಿ ತಪ್ಪಿದ್ದಾರೆ ಬಿಡಕ್ಕ, ಕರ್ಕೊಂಡು ಬಂದುಬಿಡ್ತೀನಿ’ ಅಂತ ಅವನು ಕೊಸರ್ಕೊಂಡು ಹೋದ. ಕಾವು ಮುಖಕ್ಕೆ ಹೊಡೀತಿದೆ, ಎಲ್ರೂ ಹಚ್ಚು ಹಚ್ಚು ಅಂತ ಬೈತಿದ್ದಾರೆ, ಇವಳು ಸುತಾರಾಂ ಒಪ್ಪಲ್ಲ. ಊರು ಸುಟ್ಟರೂ ಸರಿ, ತಮ್ಮ ಬರ್ಲಿ... ಕೊನೆಗೆ ಬಂದ. ಒಬ್ಬನೇ. ‘ಯಾರೂ ಇಲ್ಲ ಅಕ್ಕ, ಹಚ್ಚು.’ ಹಚ್ಚಿದ್ಲು. ಉರಿ ಆಳೆತ್ತರ ಎದ್ದ ಮೇಲೆ ಆಚೆಯಿಂದ ಮತ್ತೆ ಅದೇ ತಮ್ಮನ ದನಿ ಕೇಳ್ತು... ‘ಅಕ್ಕ, ತಡಿ, ನಾನಿನ್ನೂ ಬಂದಿಲ್ಲ.’”

ಜೀಪಿನ ಹೆಂಗಸು ಕಾಲು ನೋವು ಮರೆತು ನೆಟ್ಟಗೆ ಕೂತಳು.

“ಮನೆಗಳು ಉಳಿದ್ವು. ಬೂದಿನೆಲ್ಲ ಜಾಲಾಡಿದ್ರು, ಅಂಗಿಯ ಒಂದು ಗುಂಡಿಯೂ ಸಿಗಲಿಲ್ಲ.”

“ಆ ತಮ್ಮ ಏನಾದ ಅಜ್ಜ?”

“ಏನಾಗ್ತಾನೆ? ನಿನ್ನೆದುರಿಗೇ ಕೂತಿದ್ದಾನೆ.” ಮುದುಕ ಮುಖ ಉಜ್ಜಿಕೊಂಡ. “ಹೊಗೆಯೊಳಗೆ ಹೋಗಿದ್ದು ನೆನಪಿದೆ ಕಣಮ್ಮ. ಹೊರಗೆ ಬಂದಿದ್ದೂ ನೆನಪಿದೆ. ನಡುವಿನದ್ದು ಮಾತ್ರ ಎಷ್ಟು ಕೆದಕಿದ್ರೂ ಇಲ್ಲ. ಅವತ್ತಿಂದ ಕಡೆಯವನ ಜಾಗ ಯಾರಿಗೂ ಬಿಟ್ಟುಕೊಟ್ಟಿಲ್ಲ, ಹಿಂದೆ ಯಾರಾದ್ರೂ ಬರ್ತಾರೇನೋ ಅಂತ. ಸಾಕಾಗಿಹೋಗಿದೆ... ಅಕ್ಕ ಇನ್ನೂ ಗಟ್ಟಿಯಾಗಿದ್ದಾಳೆ. ಮರೆವು ಗಿರೆವು ಏನಿಲ್ಲ, ಬೀದಿ ಮಕ್ಕಳ ಹೆಸರೆಲ್ಲ ಬಾಯಲ್ಲೇ ಇದೆ. ಈಗ ಹೋಗಿ ಬಾಗಿಲು ತಟ್ತೀನಲ್ಲ, ತೆಗೀತಾಳೆ, ಮುಖ ನೋಡ್ತಾಳೆ, ಅವತ್ತಿಂದ ಪ್ರತಿ ಸಲ ಕೇಳೋ ಹಂಗೇ ಬಲು ಮರ್ಯಾದೆಯಿಂದ ಕೇಳ್ತಾಳೆ... ‘ಯಾರು ಬೇಕಿತ್ತು?’”