ಹಾರಿಸಿದ ಪುಟ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮುದುಕಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಜೊತೆಗಿದ್ದ ನಡುವಯಸ್ಸಿನ ಹೆಂಗಸು ಅವರಿಗೆ ಓದಿ ಹೇಳುತ್ತಿದ್ದ ಕಾದಂಬರಿಯನ್ನು ಮಡಚಿದಳು.

"ಮುಗೀತು ಚಿಕ್ಕಮ್ಮ. ಈಗ ಹೇಳಿ, ಹಳೇ ಕಾದಂಬರಿಯ ಮಲತಾಯಿ ಸರಿಯೋ, ಅದೇ ಕತೇನ ಈಗಿನವರು ಮತ್ತೆ ಬರೆದಿರೋ ಈ ಪುಸ್ತಕದವಳೋ?"

"ಇವಳು ತುಂಬಾ ಅಳ್ತಾಳೆ ಕಣೆ."

"ಅವಳ ಕಷ್ಟಾನೂ ಯಾರಾದ್ರೂ ಹೇಳಬೇಕಲ್ವಾ? ಹಳೇದ್ರಲ್ಲಿ ಬರೀ ರಾಕ್ಷಸಿ."

"ಮಗೂನ ಕತ್ತಲೆ ಕೋಣೇಲಿ ಕೂಡಿಹಾಕಿದ್ದಕ್ಕೆ ಇದರಲ್ಲಿ ಕಾರಣ ಕೊಟ್ಟಿದ್ದಾರೆ. ಹಳೇದು ಓದುವಾಗ ಆ ಪುಟಾನೇ ನೀನು ಹಾರಿಸಿಬಿಟ್ಟೆ."

ಅವಳು ಪುಸ್ತಕವನ್ನು ಚೀಲದೊಳಗೆ ಇಟ್ಟಳು.

"ನಿಮಗೆ ಬೇಜಾರಾಗುತ್ತೆ ಅಂತ. ಹೇಗೆ ಗೊತ್ತಾಯ್ತು?"

"ನಿಮ್ಮಪ್ಪನ್ನ ಮದುವೆಯಾಗೋ ಮುಂಚೇನೇ ಓದಿದ್ದೆ. ಏನಾದ್ರೂ ಆಗಲಿ, ಆ ಮಲತಾಯಿ ಥರ ಮಾತ್ರ ಆಗಬಾರದು ಅಂದ್ಕೊಂಡಿದ್ದೆ."

"ಹೋಗಲಿ ಬಿಡಿ. ನಿಮಗೂ ಆಗಿನ್ನೂ ಇಪ್ಪತ್ತು ವರ್ಷ."

"ನೋಡು, ನೀನೂ ಹೊಸ ಪುಸ್ತಕದವರ ಹಾಗೇ ಮಾತಾಡ್ತೀಯ."

ನರ್ಸ್ ಕರೆದಳು. ಆ ಹೆಂಗಸು ಮುದುಕಿಯ ಕೈ ಹಿಡಿದು ಎಬ್ಬಿಸಿದಳು.

"ನೀನು ಹೊರಗೇ ಇರು," ಎಂದರು ಮುದುಕಿ. "ಒಳಗೆ ದೀಪ ಆರಿಸಿ ಪರೀಕ್ಷೆ ಮಾಡ್ತಾರೆ. ನಿನಗೆ ಇವತ್ತಿಗೂ ಕತ್ತಲೆ ಅಂದ್ರೆ ಆಗಲ್ಲ."

ಅವಳು ಬಾಗಿಲವರೆಗೂ ಕೈ ಬಿಡಲಿಲ್ಲ. ಬಾಗಿಲಲ್ಲಿ ಬಿಟ್ಟಳು.